ದೂರು ಒಂದು ಕಡೆ, ದೋಷ ಇನ್ನೊಂದು ಕಡೆ

ಬೆಳಗಾವಿಯ ಆಟೋ ನಗರದ ಒಂದು ಇಲೆಕ್ಟ್ರಿಕಲ್ ಗ್ಯಾರೇಜು. ಖಾನಾಪುರ ತಾಲ್ಲೂಕಿನಿಂದ ಬಂದ ಬಿಎಸ್-6 ಲಾರಿಯೊಂದು ಕ್ಯಾಬಿನ್ ಎತ್ತಿಕೊಂಡು ನಿಂತಿದೆ. ಮಾತಾಡುವವರು ಇಬ್ಬರು: ಗ್ಯಾರೇಜಿನ ಹಿರಿಯ ಇಲೆಕ್ಟ್ರಿಷಿಯನ್, ಮತ್ತು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ವ್ಯಾಪ್ತಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿರುವ ಅವರ ಅಣ್ಣನ ಮಗಳು.

ಕಾಕಾ: ಬಾ ಮಗಳ, ಇದನ್ನ ನೋಡು. ಈ ಲಾರಿ ಚೋರ್ಲಾ ರಸ್ತೆ ಹಿಡಿದು, ಕಣಕುಂಬಿ, ಜಾಂಬೋಟಿ ಹಾದು ಬಂದೈತಿ. ಡ್ರೈವರ್ ಹೇಳೂದು ಎರಡೇ ಮಾತು: ಘಾಟಿನ್ಯಾಗ ಗಾಡಿ ಎಳೆಯೂದಿಲ್ಲ, ಚೆಕ್ ಲೈಟ್ ಆರೂದಿಲ್ಲ. ಸ್ಕ್ಯಾನರ್ ಹಚ್ಚಿದ್ರ, ಹೊಗಿ ಅಳೆಯೂ ನಾಕ್ಸ್ ಸೆನ್ಸರ್ ಕೂಡ ಸಂಪರ್ಕ ತಪ್ಪೈತಿ ಅಂತ ಎಂಜಿನ್ನಿನ ಕಂಪ್ಯೂಟರ್ ಕೋಡ್ ತೋರಸತೈತಿ. ಹುಡುಗರು ಸೆನ್ಸರ್ ಬದಲು ಮಾಡೂಣು ಅಂದ್ರು. ನಾ ನಿಂದ್ರಿಸೇನಿ.

ಹುಡುಗಿ: ಯಾಕ್ರಿ ಕಾಕಾ? ಕೋಡ್ ಸೆನ್ಸರ್ ಹೆಸರನ್ನ ನೇರವಾಗಿ ಹೇಳಾಕತ್ತೈತಲ್ಲ?

ಕಾಕಾ: ಹೆಸರು ಹೇಳತೈತಿ, ಖರೇ. ಆದ್ರ ಆ ಕೋಡ್ ಬರದವರು ಯಾರು? ಎಂಜಿನ್ ಕಂಪ್ಯೂಟರ್. ಅದು ಹೇಳೂದು ಇಷ್ಟ: "ನನಗ ಸೆನ್ಸರಿನ ಸುದ್ದಿ ಬರವಲ್ದು." ಸುದ್ದಿ ಯಾಕ ಬರವಲ್ದು ಅನ್ನೂದು ಅದಕ್ಕ ಗೊತ್ತಿಲ್ಲ. ಸೆನ್ಸರ್ ಸತ್ತಿರಬಹುದು. ಸೆನ್ಸರಿಗೆ ಕರೆಂಟ್ ಹೋಗದ ಇರಬಹುದು. ನಡುವ ವಾಯರ್ ಹರಿದಿರಬಹುದು. ಇನ್ಯಾವುದೋ ಕಂಪ್ಯೂಟರ್ ಡಬ್ಬಿ ಕೆಟ್ಟು ಇಡೀ ಲೈನ್ ಮ್ಯಾಲ ಗದ್ದಲ ಹಾಕಾಕತ್ತಿರಬಹುದು. ಎಂಜಿನ್ ಕುಂತ ಜಾಗದಿಂದ ನೋಡಿದ್ರ ಇವೆಲ್ಲಾ ಒಂದೇ ನಮೂನಿ ಕಾಣತಾವು.

ಹುಡುಗಿ: ನಮ್ಮ ಸಿಲೆಬಸ್‌ನ್ಯಾಗ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಅಂತ ಒಂದು ವಿಷಯ ಐತ್ರಿ. ಬ್ಯಾರೆ ಬ್ಯಾರೆ ಕಡೆ ಇರೂ ಕಂಪ್ಯೂಟರ್‌ಗಳು ಜಾಲದ ಮ್ಯಾಲ ಸುದ್ದಿ ಕಳಿಸಿಕೋತ ಸೇರಿ ಒಂದು ಕೆಲಸ ಮಾಡೂದು ಹ್ಯಾಂಗ ಅನ್ನೂದು ಆ ವಿಷಯ. ನೀವು ಈಗ ಹೇಳಿದ್ದು ಅದರ ಬುನಾದಿ. ಆಚೆ ಕಡೆಯವರು ಸುಮ್ಮನಾದ್ರ ಸತ್ತಾರೋ, ದಾರಿ ಕಡಿದೈತೋ, ಬರೇ ತಡ ಮಾಡಾಕತ್ತಾರೋ ಅನ್ನೂದು ದೂರದಿಂದ ಖಚಿತ ಆಗೂದಿಲ್ಲ. 1985ರಾಗ ಫಿಶರ್, ಲಿಂಚ್, ಪ್ಯಾಟರ್ಸನ್ ಅನ್ನೂ ಮೂರು ಮಂದಿ ಇದನ್ನ ಗಣಿತದ ಪ್ರಮೇಯ ಮಾಡಿ ಸಾಧಿಸಿದ್ರು. ಸುದ್ದಿ ಎಷ್ಟು ಹೊತ್ತು ಬೇಕಾದ್ರೂ ತಡ ಆಗಬಹುದು, ಗುಂಪಿನ್ಯಾಗ ಒಬ್ಬರು ಸಾಯಬಹುದು ಅನ್ನೂವಲ್ಲಿ, ಎಲ್ಲಾರೂ ಒಂದೇ ನಿರ್ಣಯಕ್ಕ ಬಂದೇ ಬರತಾರ ಅಂತ ಖಾತ್ರಿ ಕೊಡೂ ನಿಶ್ಚಿತ ವಿಧಾನ ಇಲ್ಲ ಅಂತ.

ಕಾಕಾ: ಹಂಗಾದ್ರ ಇದೆಲ್ಲಾ ನಡದೈತಿ ಹ್ಯಾಂಗ? ದಿನಾ ಗಾಡಿ ಓಡತಾವಲ್ಲ?

ಹುಡುಗಿ: ಒಂದು ಅವಧಿ ಇಟ್ಟುಕೋತಾವು. ಅಷ್ಟರಾಗ ಸುದ್ದಿ ಬರದಿದ್ರ ಸತ್ತಾರ ಅಂತ ತಿಳಕೊಂಡು ಮುಂದ ಹೋಗತಾವು. ಅದು ಅಂದಾಜು, ಸಾಕ್ಷಿ ಅಲ್ಲ. ನಿಮ್ಮ ಸ್ಕ್ಯಾನರಿನ ಕೋಡ್ ಅಂದ್ರ ಆ ಅಂದಾಜಿನ ದಾಖಲೆ.

ಕಾಕಾ: ಈ ಮಾತು ಹುಡುಗರಿಗೆ ಮೊದಲ ಹೇಳಬೇಕು. ಕೋಡ್ ಅಂದ್ರ ತೀರ್ಪು ಅಂತ ತಿಳಕೊಂಡಾರ ಅವರು.

ಹುಡುಗಿ: ಕಾಕಾ, ಈ ಲಾರಿಯೊಳಗ ಇಷ್ಟೊಂದು ಕಂಪ್ಯೂಟರ್ ಯಾಕ ಬೇಕಾದವು? ಒಂದೇ ದೊಡ್ಡದು ಇಟ್ಟಿದ್ರ ನಡೀತಿರಲಿಲ್ಲ?

ಕಾಕಾ: ನಾ ಕೆಲಸ ಕಲಿಯೂ ಕಾಲಕ್ಕ ಒಂದು ಸ್ವಿಚ್ಚಿಗೆ ಒಂದು ವಾಯರ್. ಬಲ್ಬಿಗೊಂದು, ಹಾರ್ನಿಗೊಂದು, ಟೆಂಪರೇಚರಿಗೊಂದು, ಡೀಸೆಲ್ ಮಟ್ಟಕ್ಕೊಂದು. ಮುಂದ ಎಬಿಎಸ್ ಬ್ರೇಕ್ ಬಂತು, ಎಂಜಿನ್ ಇಲೆಕ್ಟ್ರಾನಿಕ್ ಆತು, ಹೊಗಿ ನಿಯಂತ್ರಣ ಬಂತು. ಎಬಿಎಸ್‌ಗೆ ಚಕ್ರದ ವೇಗ ಬೇಕು. ಮೀಟರಿಗೂ ಅದೇ ಬೇಕು, ಎಂಜಿನ್ನಿಗೂ ಅದೇ ಬೇಕು. ಒಬ್ಬೊಬ್ಬರಿಗೆ ಒಂದೊಂದು ಸೆನ್ಸರ್, ಒಂದೊಂದು ವಾಯರ್ ಅಂತ ಹಾಕಿಕೋತ ಹೋಗಿದ್ರ ಹಾರ್ನೆಸ್ಸಿನ ತೂಕ ಗಾಡಿಗೆ ಹೊರೆ ಆಗತಿತ್ತು. ಒಂದು ವಾಯರ್ ಹುಡುಕಾಕ ನಮಗ ಒಂದು ದಿನ ಬೇಕಾಗತಿತ್ತು.

ಹುಡುಗಿ: ಜರ್ಮನಿಯ ಬಾಷ್ ಕಂಪನಿಯ ಎಂಜಿನಿಯರುಗಳು 1983ರಾಗ ಕೆಲಸ ಸುರು ಮಾಡಿದ್ದು ಇದೇ ತೊಂದರೆ ಹಿಡಕೊಂಡು. 1986ರಾಗ ಅಮೆರಿಕದ ಡೆಟ್ರಾಯಿಟ್‌ನ್ಯಾಗ ಆಟೋಮೋಟಿವ್ ಎಂಜಿನಿಯರುಗಳ ಸಮ್ಮೇಳನದಾಗ ಅದನ್ನ ಹೊರಗ ಇಟ್ಟರು. ಅದೇ ಕ್ಯಾನ್ ಬಸ್. ಎಲ್ಲಾ ಡಬ್ಬಿಗಳೂ ಒಂದೇ ಜೋಡಿ ವಾಯರಿಗೆ ಹೊಂದಿಕೊಂಡಿರತಾವು. ಒಬ್ಬರು ಸುದ್ದಿ ಹಾಕತಾರ, ಬೇಕಾದವರು ಎಲ್ಲಾ ತಗೋತಾರ. ಚಕ್ರದ ವೇಗ ಎಬಿಎಸ್ ಒಮ್ಮೆ ಅಳದು ಲೈನಿಗೆ ಹಾಕಿದ್ರ ಮುಗೀತು.

ಕಾಕಾ: ಸುದ್ದಿ ಯಾರಿಗೆ ಅಂತ ವಿಳಾಸ ಇರೂದಿಲ್ಲೇನು?

ಹುಡುಗಿ: ಮೂಲ ಕ್ಯಾನ್‌ನ್ಯಾಗ ವಿಳಾಸ ಇಲ್ರಿ. ಸುದ್ದಿಯ ತಲಿಮ್ಯಾಲ ಅದು ಏನು ಅನ್ನೂ ನಂಬರ್ ಇರತೈತಿ, ಎಂಜಿನ್ ವೇಗ, ಚಕ್ರದ ವೇಗ, ಬ್ರೇಕ್ ಹಿಂಗ. ಯಾರಿಗೆ ಬೇಕೋ ಅವರು ಓದತಾರ. ಇದರಿಂದ ಒಂದು ದೊಡ್ಡ ಲಾಭ ಐತಿ. ನಾಳೆ ಹೊಸ ಡಬ್ಬಿ ಒಂದನ್ನ ಆ ಲೈನಿಗೆ ಜೋಡಿಸಿದ್ರ, ಎಬಿಎಸ್‌ಗೆ ಏನೂ ತಿಳಿಸಬೇಕಾಗಿಲ್ಲ. ಅದು ಹಾಕೂ ಸುದ್ದಿಯನ್ನ ಹೊಸ ಡಬ್ಬಿ ತಾನೇ ಓದಿಕೋತೈತಿ. ಸಂಪನ್ಮೂಲ ಹಂಚಿಕೊಳ್ಳೂದು ಅಂತ ಪುಸ್ತಕದಾಗ ಬರೂದು ಇದೇ: ಒಬ್ಬರ ಹತ್ರ ಇದ್ದದ್ದು ಎಲ್ಲಾರ ಕೆಲಸಕ್ಕ ಬರೂದು.

ಕಾಕಾ: ಲೈನ್ ಒಂದೇ, ಮಾತಾಡವರು ಭಾಳ. ಇಬ್ಬರು ಒಂದೇ ಹೊತ್ತಿಗೆ ಬಾಯಿ ತಗದ್ರ?

ಹುಡುಗಿ: ಇಲ್ಲೇ ನೋಡ್ರಿ ಅದರ ಜಾಣತನ. ಲೈನಿನ ಮ್ಯಾಲ ಎರಡು ಸ್ಥಿತಿ ಅದಾವು, ಸೊನ್ನೆ ಮತ್ತ ಒಂದು. ಯಾರಾದ್ರೂ ಒಬ್ಬರು ಸೊನ್ನೆ ಹಾಕಿದ್ರ ಲೈನ್ ಸೊನ್ನೆ ಆಗತೈತಿ, ಉಳದವರು ಒಂದು ಹಾಕಿದ್ರೂ ಅದು ನಡೆಯೂದಿಲ್ಲ. ಇಬ್ಬರು ಕೂಡೇ ಸುರು ಮಾಡಿದ್ರು ಅನ್ರಿ. ಇಬ್ಬರೂ ತಮ್ಮ ಸುದ್ದಿಯ ನಂಬರನ್ನ ಒಂದೊಂದು ಅಂಕಿ ಹಾಕಿಕೋತ, ಹಾಕಿದ್ದನ್ನ ತಾವೇ ವಾಪಸ್ ಕೇಳತಾರ. ತಾ ಒಂದು ಹಾಕಿ ಲೈನ್ ಮ್ಯಾಲ ಸೊನ್ನೆ ಕೇಳಿದವ ಅಲ್ಲೇ ಸುಮ್ಮನಾಗತಾನ. ತನಗಿಂತ ತುರ್ತಿನ ಸುದ್ದಿ ಹೊಂಟೈತಿ ಅಂತ ಅವನಿಗೆ ಗೊತ್ತಾತು. ಗೆದ್ದವನ ಸುದ್ದಿಗೆ ಒಂದು ಅಂಕಿಯೂ ಧಕ್ಕೆ ಆಗೂದಿಲ್ಲ, ಹೊತ್ತೂ ಹಾಳಾಗೂದಿಲ್ಲ. ಸೋತವ ಲೈನ್ ಖಾಲಿ ಆದ ಕೂಡಲೇ ಮತ್ತ ಹಾಕತಾನ. ನಂಬರ್ ಸಣ್ಣದು ಇದ್ದಷ್ಟು ಅಧಿಕಾರ ಜಾಸ್ತಿ.

ಕಾಕಾ: ಅಂದ್ರ ನಡುವ ಮುಕಾದಮ ಇಲ್ಲ. "ನೀ ಮೊದಲ, ನೀ ಆಮ್ಯಾಲ" ಅನ್ನವರು ಯಾರೂ ಇಲ್ಲ.

ಹುಡುಗಿ: ಇಲ್ರಿ. ನಿಯಮ ಮೊದಲೇ ಎಲ್ಲಾರಿಗೂ ಗೊತ್ತಿರತೈತಿ, ಎಲ್ಲಾರೂ ಅದನ್ನ ಪಾಲಸತಾರ. ಮುಕಾದಮ ಇದ್ದಿದ್ರ, ಅವ ಕೆಟ್ಟ ದಿನ ಇಡೀ ಗಾಡಿ ನಿಂತು ಹೋಗತಿತ್ತು. ಇಲ್ಲಿ ಮೀಟರ್ ಕೆಟ್ಟರೂ ಎಂಜಿನ್ ಓಡತೈತಿ, ಎಬಿಎಸ್ ಕೆಟ್ಟರೂ ಸಾದಾ ಬ್ರೇಕ್ ಹಿಡಿತೈತಿ.

ಕಾಕಾ: ಒಬ್ಬ ಕೆಟ್ಟು ಸುಮ್ಮನಾದ್ರ ಆತು. ಒಬ್ಬ ಕೆಟ್ಟು ಒದರಾಕ ಹತ್ತಿದ್ರ? ಅದು ನನ್ನ ಕಣ್ಣ ಮುಂದ ಆಗಿದ್ದೈತಿ. ಒಂದು ಡಬ್ಬಿಯೊಳಗ ನೀರು ಹೊಕ್ಕು, ಲೈನ್ ಪೂರ್ತಿ ಹಿಡಕೊಂಡು, ಮೀಟರಿನ ಮುಳ್ಳು ಎಲ್ಲಾ ಬಿದ್ದಿದ್ದವು. ಆ ಡಬ್ಬಿಯ ಕಪ್ಲರ್ ತಗದ ಕೂಡಲೇ ಎಲ್ಲಾ ಜೀವ ಬಂದ್ವು.

ಹುಡುಗಿ: ನೀರು ಹೊಕ್ಕು ವಾಯರೇ ಕೂಡಿಕೊಂಡ್ರ ಯಾವ ನಿಯಮವೂ ಕಾಯಾಕ ಆಗೂದಿಲ್ಲ. ಉಳದ ತಪ್ಪಿಗೆ ಕ್ಯಾನ್‌ನ್ಯಾಗ ಒಂದು ಲೆಕ್ಕ ಐತಿ. ಪ್ರತಿಯೊಂದು ಡಬ್ಬಿಯೂ ತನ್ನ ತಪ್ಪನ್ನ ತಾನೇ ಎಣಿಸಿಕೋತೈತಿ. ಕಳಿಸೂವಾಗ ತಪ್ಪಿದ್ರ ಎಂಟು ಅಂಕ ಏರತೈತಿ, ಸರಿಯಾಗಿ ಕಳಿಸಿದ್ರ ಒಂದು ಅಂಕ ಇಳಿತೈತಿ. 127 ದಾಟಿದ್ರ ಬ್ಯಾರೆಯವರ ಸುದ್ದಿಯನ್ನ ತಡೆಯೂ ಹಕ್ಕು ಕಳಕೋತೈತಿ. 255 ದಾಟಿದ್ರ ಲೈನಿನಿಂದ ತಾನೇ ಹೊರಗ ಹೋಗತೈತಿ. ಅದಕ್ಕ ಬಸ್-ಆಫ್ ಅಂತಾರ.

ಕಾಕಾ: ತಪ್ಪಿಗೆ ಎಂಟು, ಒಳ್ಳೇದಕ್ಕ ಒಂದು. ಭಾಳ ಬಿಗಿ ಆತಲ್ಲ?

ಹುಡುಗಿ: ಬಿಗಿ ಇರೂದೇ ಸರಿ ಕಾಕಾ. ಆಗಾಗ ಒಂದು ತಪ್ಪು ಆಗೂ ಡಬ್ಬಿ ಉಳಕೋತೈತಿ, ಯಾಕಂದ್ರ ನೂರಾರು ಸರಿ ಸುದ್ದಿ ಕಳಿಸಿ ತನ್ನ ಲೆಕ್ಕ ಚುಕ್ತಾ ಮಾಡಿಕೋತೈತಿ. ಸತತವಾಗಿ ತಪ್ಪೂ ಡಬ್ಬಿ 32 ಸಲಕ್ಕ ಹೊರಗ ಬೀಳತೈತಿ. ಅಂದ್ರ ಎಲ್ಲಾರ ಹಾದಿ ಕಾಯೂ ಜವಾಬ್ದಾರಿ ಹೊರಗಿನ ಕಾವಲುಗಾರನ ಮ್ಯಾಲ ಇಲ್ಲ, ಒಬ್ಬೊಬ್ಬರ ಒಳಗ ಐತಿ. ನನಗ ಇಡೀ ವಿಷಯದಾಗ ಭಾಳ ಹಿಡಿಸಿದ್ದು ಇದು.

ಕಾಕಾ: ಸರಿ. ಕಳಿಸಿದವನಿಗೆ ತನ್ನ ಮಾತು ಮುಟ್ಟಿತೋ ಇಲ್ಲೋ ಹ್ಯಾಂಗ ತಿಳಿತೈತಿ?

ಹುಡುಗಿ: ಸುದ್ದಿಯ ಕಡೆಗೆ ಒಂದು ಅಂಕಿಯ ಜಾಗ ಖಾಲಿ ಬಿಟ್ಟಿರತಾರ. ಸರಿಯಾಗಿ ಕೇಳಿದವರು ಅಲ್ಲಿ ಸೊನ್ನೆ ಹಾಕತಾರ. ಒಬ್ಬರು ಹಾಕಿದ್ರೂ ಸೊನ್ನೆ, ಹತ್ತು ಮಂದಿ ಹಾಕಿದ್ರೂ ಸೊನ್ನೆ. ಹಂಗಾಗಿ ಕಳಿಸಿದವನಿಗೆ ಯಾರೋ ಒಬ್ಬರಾದ್ರೂ ಕೇಳಿದ್ರು ಅನ್ನೂದಷ್ಟ ತಿಳಿತೈತಿ. ಯಾರು, ಎಷ್ಟು ಮಂದಿ, ಅದು ತಿಳಿಯೂದಿಲ್ಲ. ಇದಕ್ಕ ಇನ್ನೊಂದು ನಿಯಮ ಜೋಡಿಸ್ಯಾರ: ಯಾರಿಗಾದ್ರೂ ಸುದ್ದಿ ಕೆಟ್ಟು ಬಂದ್ರ, ಅವರು ಸಾಲಾಗಿ ಆರು ಸೊನ್ನೆ ಹಾಕಿ ಆ ಸುದ್ದಿಯನ್ನ ಎಲ್ಲಾರ ಪಾಲಿಗೂ ರದ್ದು ಮಾಡತಾರ. ಕಳಿಸಿದವ ಮತ್ತ ಕಳಿಸಬೇಕು. ತಗೊಂಡ್ರ ಎಲ್ಲಾರೂ ತಗೋಬೇಕು, ಇಲ್ಲಂದ್ರ ಯಾರೂ ತಗೋಬಾರದು.

ಕಾಕಾ: ಹಂಗಂದ್ರ ನಮ್ಮ ಲಾರಿಗೆ ಬರೂಣು. ಬ್ಯಾಟರಿ ತಗದೇನಿ. ಸೆನ್ಸರ್ ಇರೂ ಆ ಜೋಡಿ ವಾಯರಿನ ಮ್ಯಾಲ ಮಲ್ಟಿಮೀಟರ್ ಹಿಡಿ. ಎಷ್ಟು ತೋರಸತೈತಿ?

ಹುಡುಗಿ: 120 ಓಮ್.

ಕಾಕಾ: 60 ಬರಬೇಕಿತ್ತು. ಲೈನಿನ ಎರಡೂ ತುದಿಗೆ 120, 120ರ ಎರಡು ರೆಸಿಸ್ಟರ್ ಇರತಾವು. ಎರಡೂ ಕಂಡ್ರ ಮೀಟರಿಗೆ 60. ಈಗ ಒಂದೇ ಕಾಣಾಕತ್ತೈತಿ ಅಂದ್ರ ನಡುವ ಎಲ್ಲೋ ಲೈನ್ ಕಡಿದೈತಿ, ಆಚೆ ತುದಿ ನಮಗ ಕಾಣವಲ್ದು. ಸೊನ್ನೆ ಹತ್ರ ಬಂದಿದ್ರ ಎರಡು ವಾಯರ್ ಒಂದಕ್ಕೊಂದು ಹತ್ತ್ಯಾವು ಅಂತಿದ್ದೆ. ಇದು ಕಡಿದದ್ದು.

ಹುಡುಗಿ: ತುದಿಗೆ ರೆಸಿಸ್ಟರ್ ಯಾಕ ಅನ್ನೂದನ್ನೂ ಹುಡುಗರಿಗೆ ಹೇಳ್ರಿ. ಇಲ್ಲದಿದ್ರ ಸಂಕೇತ ತುದಿ ಮುಟ್ಟಿ ತಿರುಗಿ ಬಂದು, ಹಿಂದ ಬರೂ ಸಂಕೇತದ ಕೂಡ ಕಲೀತೈತಿ. ರೆಸಿಸ್ಟರ್ ಅದನ್ನ ಅಲ್ಲೇ ಹೀರಿಕೋತೈತಿ.

ಕಾಕಾ: ಚಾಸಿ ಗುಂಟ ಹಿಂದ ಹೋಗೂಣು. ಚಕ್ರ ಕೆಸರು ಹೊಡಿಯೂ ಜಾಗದಾಗ ಒಂದು ಕಪ್ಲರ್ ಐತಿ. ನೋಡು, ಪಿನ್ನಿನ ಮ್ಯಾಲ ಹಸರು ಕಿಲುಬು. ಕಣಕುಂಬಿ ಅಂದ್ರ ಮಲಪ್ರಭಾ ಹುಟ್ಟೂ ಜಾಗ, ಮಳಿಗಾಲದಾಗ ಅಲ್ಲಿ ಮಳಿ ಬಿಡೂದಿಲ್ಲ. ರಬ್ಬರ್ ಸೀಲ್ ಜಾರಿ ಒಳಗ ನೀರು ನಿಂತೈತಿ. ಸೆನ್ಸರ್ ತಪ್ಪು ಏನೂ ಇಲ್ಲ. ಅದು ಸುದ್ದಿ ಹೇಳಿಕೋತನೇ ಇತ್ತು, ದಾರಿ ಇರಲಿಲ್ಲ.

ಹುಡುಗಿ: ಒಂದು ಸೆನ್ಸರಿನ ಸುದ್ದಿ ಬರದಿದ್ರ ಗಾಡಿ ಎಳೆಯೂದು ಯಾಕ ಬಿಡತೈತಿ ಕಾಕಾ?

ಕಾಕಾ: 2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗಿ ನಿಯಮ ಬಂತಲ್ಲ. ಹೊಗಿಯೊಳಗಿನ ನೈಟ್ರೋಜನ್ ಆಕ್ಸೈಡ್ ಕಡಿಮಿ ಮಾಡಾಕ ಸೈಲೆನ್ಸರಿನ ಕಡೆ ಯೂರಿಯಾ ದ್ರಾವಣ ಸಿಂಪಡಸತಾರ. ಎಷ್ಟು ಸಿಂಪಡಿಸಬೇಕು, ಹೊಗಿ ಸ್ವಚ್ಛ ಆತೋ ಇಲ್ಲೋ ಅನ್ನೂದನ್ನ ನಾಕ್ಸ್ ಸೆನ್ಸರ್ ಅಳದು ಲೈನಿಗೆ ಹಾಕತೈತಿ. ಅಳತಿ ಇಲ್ಲದ ಹೊಗಿ ಬಿಟ್ಟುಕೋತ ಓಡಾಡಬಾರದು ಅಂತ ಕಾಯಿದೆ. ಅದಕ್ಕ ಎಂಜಿನ್ ಮೊದಲ ಎಚ್ಚರಿಕಿ ಕೊಡತೈತಿ, ಆಮ್ಯಾಲ ಶಕ್ತಿ ಕಡಿಮಿ ಮಾಡತೈತಿ. ಮಂದಿ ಇದನ್ನ ಎಂಜಿನ್ ರೋಗ ಅಂತಾರ. ಎಂಜಿನ್ ತನ್ನ ನಿಯಮ ಪಾಲಸಾಕತ್ತೈತಿ.

ಹುಡುಗಿ: ನಮ್ಮ ಕಡೆ ಅದಕ್ಕ ಕೆಲಸ ತಗ್ಗಿಸಿಕೊಂಡು ಬದುಕೂದು ಅಂತೀವಿ. ಒಂದು ಭಾಗ ಹೋದ್ರ ಪೂರ್ತಿ ನಿಲ್ಲಬಾರದು, ಹಂಗಂತ ಎಲ್ಲಾ ಸರಿ ಐತಿ ಅಂತ ನಟಿಸಬಾರದು. ಇದ್ದದ್ದರಾಗ ಸುರಕ್ಷಿತವಾದದ್ದನ್ನ ಮಾಡಿ, ತೊಂದರೆ ಐತಿ ಅಂತ ತೋರಿಸಬೇಕು.

ಕಾಕಾ: ಈಗ ನೀ ಹೇಳು. ಗಾಡಿ ಬಿಟ್ಟು ಹೊರಗೂ ಇದೇ ಕಾಯಿದೆ ನಡೀತೈತೇನು? ಮೊಬೈಲಿನ್ಯಾಗ ದುಡ್ಡು ಕಳಸತೀವಲ್ಲ, ಅದೂ ಇಂಥಾದ್ದ?

ಹುಡುಗಿ: ಅದು ಇದಕ್ಕಿಂತ ಕಠಿಣ. ಖಾನಾಪುರದಾಗ ಕುಂತ ಲಾರಿ ಮಾಲಕರು ನಿಮಗ ಅಡ್ವಾನ್ಸ್ ಕಳಿಸಿದ್ರು ಅಂತ ತಿಳಕೊಳ್ರಿ. ಅವರ ಬ್ಯಾಂಕಿನ ಕಂಪ್ಯೂಟರ್ ಬ್ಯಾರೆ, ನಿಮ್ಮ ಬ್ಯಾಂಕಿಂದು ಬ್ಯಾರೆ, ನಡುವ 2016ರಾಗ ಸುರುವಾದ ಯುಪಿಐ, ಅದನ್ನ ನಡಸೂ ಸಂಸ್ಥೆ ಎನ್‌ಪಿಸಿಐ. ಅವರ ಖಾತೆಯಾಗ ಕಡಿಮಿ ಆತು, ನಿಮ್ಮ ಖಾತೆಗೆ ಜಮಾ ಮಾಡ್ರಿ ಅಂತ ನಿಮ್ಮ ಬ್ಯಾಂಕಿಗೆ ಸುದ್ದಿ ಹೋತು, ಉತ್ತರ ಬರಲಿಲ್ಲ. ಜಮಾ ಆಗಿ ಉತ್ತರ ಕಳದೈತೋ? ಸುದ್ದಿನೇ ಮುಟ್ಟಿಲ್ಲೋ? ನಡುವ ಕುಂತವರಿಗೆ ಎರಡೂ ಒಂದೇ ಕಾಣತೈತಿ, ನಿಮ್ಮ ಎಂಜಿನ್ ಕಂಪ್ಯೂಟರಿಗೆ ಸೆನ್ಸರ್ ಸುದ್ದಿ ಬರದಂಗ. ಆಗ ಪರದಿ ಮ್ಯಾಲ ಪೆಂಡಿಂಗ್ ಅಂತ ಬರತೈತಿ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಹೇಳೂದು ಅದು.

ಕಾಕಾ: ಮಂದಿ ಗಾಬರಿಯಾಗಿ ಮತ್ತೊಮ್ಮೆ ಒತ್ತತಾರ.

ಹುಡುಗಿ: ಅದನ್ನ ಮಾಡಬಾರದು. ಪ್ರತಿಯೊಂದು ವ್ಯವಹಾರಕ್ಕೂ ತನ್ನದೇ ನಂಬರ್ ಐತಿ. ಬ್ಯಾಂಕುಗಳು ಒಂದಕ್ಕೊಂದು ಅದೇ ನಂಬರ್ ಹಿಡಿದು ಮತ್ತ ಮತ್ತ ಕೇಳಿದ್ರೂ ದುಡ್ಡು ಒಮ್ಮೆ ಮಾತ್ರ ಸರಿಬೇಕು ಅಂತ ಕಟ್ಟ್ಯಾರ. ನಾವು ಮತ್ತೊಮ್ಮೆ ಒತ್ತಿದ್ರ ಹೊಸ ನಂಬರ್ ಹುಟ್ಟತೈತಿ, ಅದು ಎರಡನೇ ಪಾವತಿ ಆಗತೈತಿ. ತಡೀಬೇಕು, ಸ್ಥಿತಿ ನೋಡಬೇಕು. 2019ರ ಸೆಪ್ಟೆಂಬರಿನ್ಯಾಗ ರಿಸರ್ವ್ ಬ್ಯಾಂಕ್ ಇದಕ್ಕ ಗಡುವು ಹಾಕೈತಿ. ಒಬ್ಬರಿಂದ ಒಬ್ಬರಿಗೆ ಕಳಿಸಿದ್ದು ಅತ್ತ ಜಮಾ ಆಗದಿದ್ರ ಮರುದಿನದೊಳಗ ತಾನಾಗೇ ತಿರುಗಿ ಬರಬೇಕು, ಅಂಗಡಿಗೆ ಕಳಿಸಿದ್ದಾದ್ರ 5 ದಿನದೊಳಗ. ಅದಕ್ಕೂ ತಡ ಆದ್ರ ಗ್ರಾಹಕರಿಗೆ ದಿನಕ್ಕ 100 ರೂಪಾಯಿ ಪರಿಹಾರ.

ಕಾಕಾ: ಈ ಪೆಂಡಿಂಗ್ ಅನ್ನೂದನ್ನ ಪೂರ್ತಿ ಇಲ್ಲದಂಗ ಮಾಡಾಕ ಬರೂದಿಲ್ಲೇನು? ಮುಟ್ಟಿತು ಅಂತ ಉತ್ತರ, ಉತ್ತರ ಮುಟ್ಟಿತು ಅಂತ ಇನ್ನೊಂದು ಉತ್ತರ?

ಹುಡುಗಿ: ಆ ಕಡೇ ಉತ್ತರ ಮುಟ್ಟಿತು ಅನ್ನಾಕ ಮತ್ತೊಂದು ಬೇಕಾಗತೈತಿ. ಕೊನೀ ಇಲ್ಲ. 1970ರ ದಶಕದಾಗ ಇದನ್ನ ಇಬ್ಬರು ಸೇನಾಪತಿಗಳ ಸಮಸ್ಯೆ ಅಂತ ಬರದ್ರು. ಎರಡು ಗುಡ್ಡದ ಮ್ಯಾಲ ಎರಡು ದಂಡು, ನಡುವ ಶತ್ರು. ಕೂಡೇ ದಾಳಿ ಮಾಡಿದ್ರ ಗೆಲವು, ಒಬ್ಬರೇ ಹೋದ್ರ ಸೋಲು. ದೂತ ನಡುವ ಸಿಕ್ಕಿ ಬೀಳಬಹುದು. ಎಷ್ಟು ದೂತರನ್ನ ಕಳಿಸಿದ್ರೂ ಇಬ್ಬರಿಗೂ ಪೂರ್ತಿ ಖಾತ್ರಿ ಸಿಗೂದಿಲ್ಲ ಅಂತ ಸಿದ್ಧ ಆತು. ಅದಕ್ಕ ಖಾತ್ರಿಯ ಬೆನ್ನು ಹತ್ತೂದು ಬಿಟ್ಟು, ಸಂಶಯದಾಗ ಇದ್ದಾಗ ಏನು ಮಾಡಬೇಕು, ತಪ್ಪಿದ್ರ ಹ್ಯಾಂಗ ತಿರುಗಿಸಬೇಕು ಅಂತ ಮೊದಲೇ ಬರದು ಇಟ್ಟರು. ದುಡ್ಡಿನ ವ್ಯವಹಾರ ನಿಂತಿರೂದು ಆ ಬರಹದ ಮ್ಯಾಲ.

ಕಾಕಾ: ರೈಲಿಂದು ಹ್ಯಾಂಗ? ಬೆಳಗಾವಿ ಸ್ಟೇಷನ್ನಿನ್ಯಾಗ ನಾನು, ಮುಂಬೈಯಾಗ ಇನ್ನೊಬ್ಬ, ಒಂದೇ ಹೊತ್ತಿಗೆ ಒಂದೇ ಬರ್ತ್ ಕೇಳಿದ್ರ?

ಹುಡುಗಿ: ರೈಲ್ವೆ ಇದನ್ನ ಕಂಪ್ಯೂಟರಿಗೆ ಹಾಕಾಕ ಸುರು ಮಾಡಿದ್ದು 1980ರ ದಶಕದಾಗ. ಮುಂದ ದಿಲ್ಲಿ, ಮುಂಬೈ, ಕೋಲ್ಕತಾ, ಚೆನ್ನೈ, ಸಿಕಂದರಾಬಾದ್ ಅಂತ ಐದು ಕೇಂದ್ರ ಆದವು. 1999ರ ಹೊತ್ತಿಗೆ ಕನ್ಸರ್ಟ್ ಅನ್ನೂ ವ್ಯವಸ್ಥೆಯೊಳಗ ಐದನ್ನೂ ಜೋಡಿಸಿದ್ರು. ಒಂದು ಗಾಡಿಯ ಬರ್ತ್‌ಗಳ ಮೂಲ ಲೆಕ್ಕ ಒಂದೇ ಕೇಂದ್ರದಾಗ ಇರತೈತಿ. ನೀವು ಎಲ್ಲಿಂದ ಕೇಳಿದ್ರೂ ಪ್ರಶ್ನೆ ಆ ಕೇಂದ್ರಕ್ಕ ಹೋಗಿ ಸಾಲಿನ್ಯಾಗ ನಿಲ್ಲತೈತಿ. ಒಬ್ಬರದು ಮುಗಿಯೂತನಕ ಆ ಬರ್ತಿಗೆ ಬೀಗ. ಲೆಕ್ಕ ಒಂದು ಕಡೆ, ಕಿಟಕಿ ದೇಶದ ತುಂಬ.

ಕಾಕಾ: ಮೊದಲ ಕೇಳಿದವರು ಯಾರು ಅಂತ ತೀರ್ಮಾನ ಮಾಡೂದು ಹ್ಯಾಂಗ? ನಿನ್ನ ಗಡಿಯಾರ, ನನ್ನ ಗಡಿಯಾರ ಒಂದೇ ಇರೂದಿಲ್ಲ.

ಹುಡುಗಿ: ಇದೇ ಪ್ರಶ್ನೆ ಹಿಡಕೊಂಡು ಲೆಸ್ಲಿ ಲ್ಯಾಂಪೋರ್ಟ್ 1978ರಾಗ ಒಂದು ಲೇಖನ ಬರದ್ರು. ನಿಮ್ಮ ಆಟೋ ನಗರದ ಲೆಕ್ಕದಾಗೇ ಹೇಳ್ತೀನಿ. ಉದ್ಯಮಬಾಗದ ಫೌಂಡ್ರಿಯಿಂದ ಕಾಸ್ಟಿಂಗ್ ಬರತೈತಿ, ಇಲ್ಲಿ ಲೇಥಿಗೆ ಹೋಗತೈತಿ, ಮುಂದ ಪ್ಲೇಟಿಂಗಿಗೆ. ಮೂರೂ ಕಡೆ ಗ್ವಾಡಿ ಗಡಿಯಾರ ಮುಂದ ಹಿಂದ ಇರಬಹುದು. ಮಾಲಿನ ಕೂಡ ಒಂದು ಚಲನ್ ಬರತೈತಿ. ಪ್ರತಿಯೊಬ್ಬರೂ ತಮ್ಮ ಪುಸ್ತಕದ ಕೊನೀ ನಂಬರ್, ಬಂದ ಚಲನ್ನಿನ ನಂಬರ್, ಎರಡರಾಗ ದೊಡ್ಡದಕ್ಕ ಒಂದು ಕೂಡಿಸಿ ಹೊಸ ನಂಬರ್ ಬರದ್ರ ಸಾಕು. ಗಡಿಯಾರ ಏನೇ ಹೇಳಲಿ, ಕಾರಣದ ನಂಬರ್ ಯಾವಾಗಲೂ ಪರಿಣಾಮದ ನಂಬರಿಗಿಂತ ಸಣ್ಣದು ಇರತೈತಿ. ಲ್ಯಾಂಪೋರ್ಟ್ ಗಡಿಯಾರ ಅನ್ನೂದು ಇದೇ. ಮುಳ್ಳಿಲ್ಲ, ಎಣಿಕೆ ಅಷ್ಟ.

ಕಾಕಾ: ಇದು ತಿಳೀತು. ಆದ್ರ ಲೆಕ್ಕ ಒಂದೇ ಕಡೆ ಇಟ್ಟರ, ಆ ಕೇಂದ್ರಕ್ಕ ಬೆಂಕಿ ಬಿದ್ರ?

ಹುಡುಗಿ: ಅದಕ್ಕ ನಕಲು ಇಡತಾರ. ನಕಲು ಇಟ್ಟ ಕೂಡಲೇ ಹೊಸ ಪ್ರಶ್ನೆ: ನಕಲುಗಳು ಒಂದಕ್ಕೊಂದು ಹೊಂದದಿದ್ರ ಯಾವುದು ಖರೇ? ಇಲ್ಲಿ ಬಹುಮತ ಬರತೈತಿ. ಐದು ಕಂಪ್ಯೂಟರಿನ್ಯಾಗ ಮೂರು ಬರಕೊಂಡ ಮ್ಯಾಲೇ ಲೆಕ್ಕ ಪಕ್ಕಾ. ಎರಡು ಸತ್ತರೂ ಕೆಲಸ ನಡೀತೈತಿ. ಯಾವ ಎರಡು ಬಹುಮತ ತಗೊಂಡ್ರೂ ಅವೆರಡರಾಗ ಒಬ್ಬರಾದ್ರೂ ಸಮಾನ ಇರಲೇಬೇಕು, ಹಂಗಾಗಿ ಹಳೀ ನಿರ್ಣಯ ಮರೆತು ಹೋಗೂದಿಲ್ಲ. ಲ್ಯಾಂಪೋರ್ಟರ ಪ್ಯಾಕ್ಸಾಸ್ 1998ರಾಗ ಅಚ್ಚಾತು. ಅದು ತಿಳಿಯೂದು ಕಠಿಣ ಅಂತ ಸ್ಟ್ಯಾನ್‌ಫರ್ಡಿನ ಇಬ್ಬರು, ಓಂಗಾರೊ ಮತ್ತ ಔಸ್ಟರ್‌ಹೌಟ್, 2014ರಾಗ ರಾಫ್ಟ್ ಅನ್ನೂ ಸರಳ ವಿಧಾನ ಕೊಟ್ಟರು. ಅಲ್ಲಿ ಒಬ್ಬ ನಾಯಕ ಇರತಾನ, ಅವ ಸುಮ್ಮನಾದ್ರ ಉಳದವರು ಮತ ಹಾಕಿ ಇನ್ನೊಬ್ಬನನ್ನ ಆರಿಸತಾರ.

ಕಾಕಾ: ಲೈನ್ ನಡುವ ಕಡಿದು, ಮೂವರು ಈ ಕಡೆ, ಇಬ್ಬರು ಆ ಕಡೆ ಉಳದ್ರ?

ಹುಡುಗಿ: ಮೂವರು ಕೆಲಸ ಮುಂದುವರಸತಾರ, ಇಬ್ಬರು ಬಾಗಿಲ ಹಾಕಿಕೋತಾರ. ಅವರೂ ಟಿಕೆಟ್ ಕೊಟ್ಟರ ಒಂದು ಬರ್ತಿಗೆ ಇಬ್ಬರು ಬಂದು ಕುಂಡರತಾರ. ಜಾಲ ಕಡಿದಾಗ ಎರಡರಾಗ ಒಂದನ್ನ ಬಿಡಲೇಬೇಕು: ಎಲ್ಲಾರಿಗೂ ಒಂದೇ ಖರೇ ಉತ್ತರ ಕೊಡೂದು, ಇಲ್ಲಾ ಎಲ್ಲಾರಿಗೂ ಏನಾದ್ರೂ ಒಂದು ಉತ್ತರ ಕೊಟ್ಟೇ ಕೊಡೂದು. 2000ದಾಗ ಎರಿಕ್ ಬ್ರೂವರ್ ಹಿಂಗ ಇರಬೇಕು ಅಂದ್ರು, 2002ರಾಗ ಗಿಲ್ಬರ್ಟ್ ಮತ್ತ ಲಿಂಚ್ ಸಾಧಿಸಿದ್ರು. ಬ್ಯಾಂಕು, ರೈಲು ಸುಮ್ಮನಾಗೂದನ್ನ ಆರಿಸಬೇಕು. ಫೋಟೋಕ್ಕ ಎಷ್ಟು ಮೆಚ್ಚುಗೆ ಬಂದ್ವು ಅನ್ನೂ ಎಣಿಕೆ ಸ್ವಲ್ಪ ಹೊತ್ತು ತಪ್ಪಿದ್ರ ನಡೀತೈತಿ.

ಕಾಕಾ: ಇದೆಲ್ಲಾ ಒಬ್ಬರಿಗೊಬ್ಬರು ಹೊಂದಿಕೊಳ್ಳೂದರ ಮಾತಾತು. ಕೆಲಸ ಹಂಚಿಕೊಳ್ಳೂದು?

ಹುಡುಗಿ: ನಮ್ಮ ರಾಜ್ಯದಾಗೇ ಅದಕ್ಕ ಹಳೀ ಉದಾಹರಣಿ ಐತಿ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ 1986ರಾಗ ಫ್ಲೋಸಾಲ್ವರ್ ಕಟ್ಟಿತು. ಗಾಳಿ ಹರಿಯೂ ಲೆಕ್ಕ ಮಾಡಾಕ ದೊಡ್ಡ ಯಂತ್ರ ಸಿಗದ ಕಾಲಕ್ಕ, ಸಾದಾ ಪ್ರೊಸೆಸರ್ ನಾಕನ್ನ ಜೋಡಿಸಿ ಲೆಕ್ಕ ಹಂಚಿಕೊಟ್ಟರು. ಮುಂದ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್ ಗರುಡ ಅನ್ನೂ ಜಾಲ ಹಾಕಿ, ಮೊದಲ ಹಂತದಾಗ 17 ಊರಿನ 45 ಸಂಸ್ಥೆಗಳ ಕಂಪ್ಯೂಟರ್ ಕೂಡಿಸಿತು. ಹೊರಗ ನೋಡಿದ್ರ ಸೆಟಿ ಅಟ್ ಹೋಮ್: 1999ರಿಂದ 2020ರ ತನಕ ಲಕ್ಷಾಂತರ ಮಂದಿ ತಮ್ಮ ಮನಿ ಕಂಪ್ಯೂಟರಿನ ಖಾಲಿ ಹೊತ್ತನ್ನ ಆಕಾಶದ ರೇಡಿಯೊ ಸಂಕೇತ ಸೋಸಾಕ ಕೊಟ್ಟರು. ಒಂದೇ ತುಣುಕನ್ನ ಇಬ್ಬರಿಗೆ ಕೊಟ್ಟು ಉತ್ತರ ಹೋಲಿಸತಿದ್ರು, ಒಬ್ಬರು ತಪ್ಪಿದ್ರ ಸಿಗಲಿ ಅಂತ.

ಕಾಕಾ: ಕಂಪ್ಯೂಟರ್ ಎರಡು ಪಟ್ಟು ಮಾಡಿದ್ರ ಕೆಲಸ ಅರ್ಧ ಹೊತ್ತಿಗೆ ಮುಗೀತೈತಿ?

ಹುಡುಗಿ: ಹಂಚಾಕ ಬರೂ ಭಾಗ ಮಾತ್ರ. ಹತ್ತರಾಗ ಒಂದು ಪಾಲು ಸಾಲಾಗಿ ಒಬ್ಬರೇ ಮಾಡಬೇಕಾದ ಕೆಲಸ ಇದ್ರ, ಸಾವಿರ ಕಂಪ್ಯೂಟರ್ ಹಚ್ಚಿದ್ರೂ ಹತ್ತು ಪಟ್ಟಿನ ಮ್ಯಾಲ ವೇಗ ಏರೂದಿಲ್ಲ. 1967ರಾಗ ಜೀನ್ ಆಮ್ಡಾಲ್ ಮುಂದಿಟ್ಟ ವಾದದಿಂದ ಬಂದ ಲೆಕ್ಕ ಇದು. ಅದರ ಮ್ಯಾಲ ಮಾತಾಡೂ ಹೊತ್ತು ಬ್ಯಾರೆ. ಅದಕ್ಕ ಒಳ್ಳೇ ವ್ಯವಸ್ಥೆ ಕಡಿಮಿ ಮಾತಾಡೂ ಹಂಗ ಕೆಲಸ ಕತ್ತರಸತೈತಿ.

ಕಾಕಾ: ಕಪ್ಲರ್ ಆತು. ಪಿನ್ ಬದಲಿಸಿ, ಸೀಲ್ ಹಾಕಿ, ಬಾಯಿ ಕೆಳಗ ಮಾಡಿ ಕಟ್ಟೇನಿ, ನೀರು ನಿಲ್ಲೂದಿಲ್ಲ. ಮೀಟರ್ ನೋಡು.

ಹುಡುಗಿ: 60. ಬಂತು ಕಾಕಾ.

ಕಾಕಾ: ಈಗ ನನ್ನ ಮಾತು ಕೇಳು. ಸೆನ್ಸರ್ ಸಾವಿರಾರು ರೂಪಾಯಿದು. ಅದನ್ನ ತಂದು ಹಾಕಿದ್ರೂ ಕೋಡ್ ಹೋಗತಿರಲಿಲ್ಲ, ದಾರಿ ಕಡಿದಿತ್ತಲ್ಲ. ಆಮ್ಯಾಲ ಎಂಜಿನ್ ಕಂಪ್ಯೂಟರ್ ಮ್ಯಾಲ ಸಂಶಯ ಬರತಿತ್ತು. ಲಾರಿ ನಾಕು ದಿನ ನಿಂದ್ರತಿತ್ತು, ಕಂತು ಕಟ್ಟೂ ಮನಷ್ಯಾನ ನಾಕು ದಿನದ ದುಡಿಮಿ ಹೋಗತಿತ್ತು. ಆಟೋ ನಗರದ ಹುಡುಗರ ಕೈ ಚುರುಕು, ಬುದ್ಧಿ ಚುರುಕು. ಕೈಪಿಡಿ ಇಂಗ್ಲಿಷಿನ್ಯಾಗ ಐತಿ. ಅದರಾಗ ಕೋಡ್ ಐತಿ, ಬದಲಿಸೂ ಪಾರ್ಟಿನ ನಂಬರ್ ಐತಿ. ಸುದ್ದಿ ಹ್ಯಾಂಗ ಹೋಗತೈತಿ, ಯಾರು ಯಾರನ್ನ ನಂಬಿ ಕುಂತಾರ ಅನ್ನೂದನ್ನ ಕನ್ನಡದಾಗ ಹೇಳವರು ಅವರಿಗೆ ಸಿಕ್ಕಿಲ್ಲ.

ಹುಡುಗಿ: ನಾ ಬರದು ಕೊಡ್ತೀನಿ. ಈ ವಿಷಯ ಕಾಲೇಜಿನ್ಯಾಗ ನಾವು ಬ್ಯಾಂಕು, ಸರ್ವರ್ ಅಂತ ಓದತೀವಿ. ಇದೇ ಸಿದ್ಧಾಂತ ಖಾನಾಪುರದ ಕೆಸರಿನ್ಯಾಗ ಓಡೂ ಲಾರಿಯೊಳಗ ಐತಿ ಅಂತ ನಮ್ಮ ಪಾಠದಾಗೂ ಬರಬೇಕು. ಓದಿದವರು ವಾಯರ್ ಮುಟ್ಟಬೇಕು, ವಾಯರ್ ಮುಟ್ಟವರಿಗೆ ಓದು ಸಿಗಬೇಕು. ಹುಡುಗರಿಗೆ ಅನುಕ್ರಮ ಏನು ಬರೀಲಿ?

ಕಾಕಾ: ಮೊದಲ, ದೂರು ಕೊಟ್ಟವರು ಯಾರು, ಯಾರ ಬಗ್ಗೆ ಅಂತ ಬರಕೋಬೇಕು. ಒಬ್ಬರ ಬಗ್ಗೆ ಒಬ್ಬರೇ ದೂರಿದ್ರ ಒಂದು ಅರ್ಥ, ಎಲ್ಲಾರೂ ಒಬ್ಬನ ಬಗ್ಗೆ ದೂರಿದ್ರ ಇನ್ನೊಂದು ಅರ್ಥ, ಎಲ್ಲಾರೂ ಎಲ್ಲಾರ ಬಗ್ಗೆ ದೂರಿದ್ರ ಲೈನೇ ಕೆಟ್ಟೈತಿ. ಎರಡನೇದು, ಸುಮ್ಮನಾದ ಡಬ್ಬಿಗೆ ಕರೆಂಟ್, ಅರ್ಥಿಂಗ್ ಐತೋ ನೋಡಬೇಕು. ಮೂರನೇದು, ಬ್ಯಾಟರಿ ತಗದು 60 ಓಮ್. ನಾಕನೇದು, ಬ್ಯಾಟರಿ ಹಾಕಿ ಎರಡು ವಾಯರಿನ ವೋಲ್ಟ್, ಎರಡೂ ಎರಡೂವರಿ ಆಸುಪಾಸು ಇರಬೇಕು. ಐದನೇದು, ಕಪ್ಲರ್ ಒಂದೊಂದೇ ತಗದು ಗದ್ದಲ ಯಾರದು ಅಂತ ಹುಡುಕಬೇಕು. ಇಷ್ಟೂ ಆದ ಮ್ಯಾಲ ಪಾರ್ಟ್.

ಹುಡುಗಿ: ಅಳತಿ ಅಷ್ಟ ಬರದ್ರ ಸಾಕೇನ್ರಿ, ಇಲ್ಲಾ ಪ್ರತಿ ಅಳತಿಗೆ ಯಾಕ ಅನ್ನೂದನ್ನೂ ಬರೀಲಿ?

ಕಾಕಾ: ಯಾಕ ಅನ್ನೂದನ್ನ ಬರಿ, ಅದನ್ನ ಮೊದಲ ಬರಿ. ಬರೂ ವರ್ಷದ ಗಾಡಿಯಾಗ ವಾಯರಿನ ಬಣ್ಣ ಬದಲಾಗತೈತಿ, ಕಪ್ಲರ್ ಬದಲಾಗತೈತಿ, ಡಬ್ಬಿ ಇನ್ನೂ ಹೆಚ್ಚಾಗತಾವು. 60ರ ಜಾಗಕ್ಕ ಬ್ಯಾರೆ ಅಂಕಿ ಬಂದ್ರೂ ಬರಬಹುದು. ದೂರ ದೂರ ಇದ್ದವರು ಸುದ್ದಿ ಕಳಿಸಿಕೋತ ಕೂಡಿ ದುಡಿಯೂ ತನಕ, ದೂರು ಒಂದು ಕಡೆ ಬರತೈತಿ, ದೋಷ ಇನ್ನೊಂದು ಕಡೆ ಇರತೈತಿ. ಈ ಕಾರಣ ಗೊತ್ತಿದ್ದ ಹುಡುಗ ಯಾವ ಗಾಡಿ ಬಂದ್ರೂ ಹೆದರೂದಿಲ್ಲ.